ಗುಡ್ಡ ಹತ್ತದೆ ಮುಗಿದ ಪರಿಶೀಲನೆ

ಭೂಸಂರಕ್ಷಣಾ ಇಲಾಖೆಯ ಮುಖ್ಯಾಧಿಕಾರಿಗಳೇ,

ನೀವು ಪಾಸು ಮಾಡಿದ ಬದು ಒಡೆದು ನನ್ನ ತಂಗಿಯ ಹೊಲದ ಮೇಲ್ಮಣ್ಣೆಲ್ಲ ಹಳ್ಳ ಸೇರಿದೆ. ನಿಮ್ಮ ಕಚೇರಿಯ ಪ್ರಕಾರ ಮಾತ್ರ ಆ ಮಣ್ಣು ಇಂದಿಗೂ ಸುರಕ್ಷಿತ. ಹಾಗೆಂದು ರಸ್ತೆ ಬದಿಯಲ್ಲಿ ಫಲಕವನ್ನೂ ನೆಟ್ಟಿದ್ದೀರಿ.

ಗುಡ್ಡಕ್ಕೆ ಬದು ಹಾಕುವ ಈ ಯೋಜನೆ ಹುಟ್ಟಿದ್ದು ನನ್ನ ಹೊಲಿಗೆ ಅಂಗಡಿಯಲ್ಲಿ. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ನಕ್ಷೆ ಹರಡಿ, ಇಳಿಜಾರಿನ ಪ್ರತಿ ಬದುವಿಗೂ ಹೆಚ್ಚಾದ ನೀರು ಹೊರಹೋಗಲು ಕಲ್ಲಿನ ಕೋಡಿ ಕಟ್ಟಿಸುತ್ತೇವೆಂದು ನೀವೇ ಬೆರಳಿಟ್ಟು ತೋರಿಸಿದಿರಿ. ನಾನು ನಂಬಿದೆ. ನಂಬಿದ್ದಷ್ಟೇ ಅಲ್ಲ, ಬೇಡವೆಂದ ತಂಗಿಯನ್ನೂ ಅವಳ ಗಂಡನನ್ನೂ ಒಪ್ಪಿಸಿದೆ. ಗುಡ್ಡದ ತುದಿಯ ಬದುವಿನ ಕೆಳಗೇ ಅವರ ಹೊಲ. ಬದು ಹಾಯುವ ಜಾಗದಲ್ಲಿ ಅವಳ ಮಾವ ನೆಟ್ಟ ಮರ ಅಡ್ಡವಿತ್ತು. "ನೀನು ಹೇಳ್ತಿದ್ದೀಯ ಅಂತ ಕಡಿಸ್ತೀನಿ ಅಕ್ಕ," ಎಂದಳು. ಮರ ಉರುಳಿದ ದಿನ ಅವಳ ಗಂಡ ಮನೆಯಿಂದ ಹೊರಗೇ ಬರಲಿಲ್ಲ.

ಕೆಲಸ ರಸ್ತೆ ಕಡೆಯಿಂದ ಶುರುವಾಯಿತು. ಕೆಳಗಿನ ಬದುಗಳಿಗೆ ಚೆಂದದ ಕೋಡಿಗಳು ಬಂದವು. ಗುಡ್ಡ ಏರಿದಂತೆ ಗುತ್ತಿಗೆದಾರರ ಉತ್ಸಾಹ ಇಳಿಯಿತು. ತುದಿಯಲ್ಲಿ ಬರೀ ಮಣ್ಣು ಎಳೆದು ಯಂತ್ರ ವಾಪಸಾಯಿತು. ನಿಮಗೆ ಫೋನ್ ಮಾಡಿದೆ. "ಕೊನೇ ಪರಿಶೀಲನೆಗೆ ನಾನೇ ಬರ್ತೀನಲ್ಲಮ್ಮ, ಕೋಡಿ ಇಲ್ದಿದ್ರೆ ಪಾಸ್ ಮಾಡ್ತೀನಾ?" ಎಂದಿರಿ.

ಬಂದಿರಿ. ಕೆಳಗಿನ ಬದುವಿನ ಮೇಲೆ ನಿಂತು ಫೋಟೊ ತೆಗೆಸಿಕೊಂಡಿರಿ. "ಮೇಲೆ ಬನ್ನಿ ಸರ್, ತೊಂದರೆ ಇರೋದೇ ಅಲ್ಲಿ," ಎಂದು ಅಡ್ಡ ನಿಂತೆ. "ಇಲ್ಲಿ ಚೆನ್ನಾಗಿದೆ ಅಂದ್ಮೇಲೆ ಅಲ್ಲೂ ಚೆನ್ನಾಗೇ ಇರುತ್ತೆ ಬಿಡಿ," ಎಂದು ಜೀಪು ಹತ್ತಿದಿರಿ. ಇದು ಯಾವ ಶಾಸ್ತ್ರ, ಮಾನ್ಯರೇ? ನೀರು ಕೆಳಗಿನಿಂದ ಮೇಲಕ್ಕೆ ಹರಿಯುವ ಊರೇನಾದರೂ ತಮ್ಮ ವ್ಯಾಪ್ತಿಯಲ್ಲಿದೆಯೇ?

ಮೊದಲ ಜೋರು ಮಳೆಗೇ ತುದಿಯಲ್ಲಿ ನೀರು ತುಂಬಿ, ಹೋಗಲು ದಾರಿಯಿಲ್ಲದೆ ಬದುವನ್ನೇ ಒಡೆದುಕೊಂಡು ನುಗ್ಗಿತು. ಆಗಷ್ಟೇ ಮೊಳೆತಿದ್ದ ಜೋಳದ ಸಮೇತ ತಂಗಿಯ ಹೊಲ ನನ್ನ ಕಣ್ಣೆದುರೇ ಕೊಚ್ಚಿಹೋಯಿತು. ಬದುವೇ ಇಲ್ಲದಿದ್ದರೆ ನೀರು ಎಂದಿನಂತೆ ಹರಡಿಕೊಂಡು ಇಳಿಯುತ್ತಿತ್ತು. ಕೆಸರಿನಲ್ಲಿ ನಿಂತ ತಂಗಿ ಅಳಲಿಲ್ಲ, ಬೈಯಲೂ ಇಲ್ಲ. "ಅವರು ಯಾರೋ ಏನೋ ಅಕ್ಕ. ನಾನು ನಂಬಿದ್ದು ನಿನ್ನನ್ನ," ಎಂದಳು. ಅಂದಿನಿಂದ ನನ್ನ ಮನೆಯತ್ತ ತಲೆಹಾಕಿಲ್ಲ. ತಮ್ಮ ವರದಿಯಲ್ಲಿ ಈ ನಷ್ಟವನ್ನು ಎಲ್ಲಿ ಸೇರಿಸುತ್ತೀರಿ?

ಪರಿಹಾರದ ಮಾತು ಆಮೇಲೆ. ಮೊದಲು ಬನ್ನಿ. ಜೀಪು ಬಿಟ್ಟು ತುದಿಯವರೆಗೆ ನಡೆಯಿರಿ. ನೀವು ಕೊಟ್ಟ ಒಪ್ಪಿಗೆಯನ್ನು ರದ್ದುಮಾಡಿ, ಕೋಡಿ ಕಟ್ಟಿಸಿ. ಬಳಿಕ ನನ್ನ ತಂಗಿಯ ಮುಂದೆ ನಿಂತು, "ನಿಮ್ಮಕ್ಕ ಸುಳ್ಳು ಹೇಳಿಲ್ಲ, ಹೇಳಿದ್ದು ನಾನು," ಎಂದು ನಿಮ್ಮ ಬಾಯಿಂದಲೇ ಹೇಳಿ.

ಇಂತಿ,
ನಿಮ್ಮ ಮಾತಿಗೆ ಜಾಮೀನು ನಿಂತು ತಂಗಿಯನ್ನು ಕಳೆದುಕೊಂಡ
ಒಬ್ಬ ಅಕ್ಕ