ತಾಯಿ: ಇಲ್ಲ

ಬುಧವಾರ, ಹದಿನಾಲ್ಕನೇ ತಾರೀಕು

ನನ್ನ ಮುದ್ದಿನ ಮೊಂಡಿಗೆ,

ಬೆಳಗಿನ ಪಾಳಿ ಮುಗಿಸಿ ಬಂದು ಬರೆಯುತ್ತಿದ್ದೇನೆ. ಆಸ್ಪತ್ರೆಯ ಇಸ್ತ್ರಿ ಕೋಣೆಯಲ್ಲಿ ಇವತ್ತು ನೂರೆಂಬತ್ತು ಬೆಡ್‌ಶೀಟು. ಅಕ್ಷರ ಸೊಟ್ಟಗಿದ್ದರೆ ನಗಬೇಡ.

ನಿನ್ನ ಓದಿನ ಸಾಲದ ಕಚೇರಿಯಿಂದ ಹೋದ ವಾರ ಪತ್ರ ಬಂತು, ವಿದ್ಯಾರ್ಥಿನಿಯನ್ನು ಸಾಕುತ್ತಿರುವವರು ಬಂದು ಕಾಣಬೇಕೆಂದು. ಜೊತೆಗೆ ನೀನು ತುಂಬಿದ ಅರ್ಜಿಯ ಪ್ರತಿ. ತಂದೆ: ಇಲ್ಲ. ಅದು ನಿಜ, ಹನ್ನೊಂದು ವರ್ಷವಾಯಿತು. ಅದರ ಕೆಳಗೆ, ನಿನ್ನದೇ ದುಂಡು ಅಕ್ಷರದಲ್ಲಿ, ತಾಯಿ: ಇಲ್ಲ.

ಎರಡು ದಿನ ನಿನ್ನ ಮೇಲೆ ಹಲ್ಲು ಕಡಿದೆ. ಮೂರನೇ ದಿನ ನಿನ್ನ ಬಣ್ಣ ಬಯಲು ಮಾಡಲೆಂದೇ ಕಚೇರಿಗೆ ಹೋದೆ.

ಕಿಟಕಿಯಲ್ಲಿ ಕೂರುವ ಗುಮಾಸ್ತೆ ಒಳ್ಳೆಯ ಹೆಂಗಸು. ನಾನು ಬಾಯಿ ತೆರೆಯುವ ಮೊದಲೇ ಎಲ್ಲ ಬಿಡಿಸಿ ಹೇಳಿದಳು. ಅಪ್ಪನೋ ಅಮ್ಮನೋ ಇರುವ ಮಕ್ಕಳಿಗೆ ವರ್ಷಕ್ಕೆ ಐವತ್ತು ಸಾವಿರ ಸಾಲ, ಮಿಕ್ಕಿದ್ದನ್ನು ಮನೆಯವರು ಹಾಕಬೇಕು. ಇಬ್ಬರೂ ಇಲ್ಲದವರಿಗೆ ತೊಂಬತ್ತು. ನಿನ್ನ ಶುಲ್ಕ ಎಂಬತ್ತೈದು. ನಾನು ಬದುಕಿರುವುದರಿಂದ ನಿನಗೆ ನಲವತ್ತು ಸಾವಿರ ಕಡಿಮೆ ಎಂದು ಆಗ ಅರ್ಥವಾಯಿತು. ಮಿಕ್ಕಿದ್ದನ್ನು ಹಾಕಲು ನನ್ನ ಬಳಿ ಏನಿದೆ ಎಂದು ನಿನಗೂ ಗೊತ್ತು. ನನ್ನನ್ನು ಕೇಳಿ ನೋಯಿಸುವ ಬದಲು ನೀನು ಕೇಳದೇ ನೋಯಿಸಿದೆ. ಹೋದ ತಿಂಗಳು ಫೋನಿನಲ್ಲಿ, ಎಲ್ಲಾ ಸರಿಹೋಗುತ್ತೆ ಬಿಡಮ್ಮಾ ಅಂದದ್ದು ಇದಕ್ಕೇ ಇರಬೇಕು.

ನೀವು ಅವಳಿಗೆ ಏನಾಗ್ಬೇಕು ಎಂದು ಗುಮಾಸ್ತೆ ಕೇಳಿದಳು. ಚಿಕ್ಕಮ್ಮ ಅಂದೆ. ಹಾಗೆಂದೇ ಬರೆದುಕೊಟ್ಟು ಸಹಿ ಹಾಕಿದೆ. ಇನ್ನು ನೀನು ಕಾಲೇಜು ಬಿಡಬೇಕಾಗಿಲ್ಲ. ಆದರೆ ತೊಂಬತ್ತು ಕೊಡುತ್ತಾರೆಂದು ತೊಂಬತ್ತೂ ಬಾಚಿಕೊಳ್ಳಬೇಡ. ಬೇಕಾದಷ್ಟೇ ತೆಗೆದುಕೋ, ನಾಳೆ ತೀರಿಸುವವಳು ನೀನೇ.

ನೋವಾಗಿದೆ, ಮುಚ್ಚಿಡುವುದಿಲ್ಲ. ಸಿಟ್ಟಂತೂ ಇಳಿದಿದೆ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತಿ,
ಕಾಗದದಲ್ಲಿ ಇಲ್ಲದ ನಿನ್ನ ಅಮ್ಮ

ಮರೆತಿದ್ದೆ: ನಿಮ್ಮಕ್ಕ, ಅಂದ್ರೆ ಅವಳ ತಾಯಿ, ತೀರಿಹೋಗಿದ್ದು ಯಾವಾಗ ಎಂದೂ ಆ ಗುಮಾಸ್ತೆ ಕೇಳಿದಳು. ಸುಳ್ಳು ಹೇಳಿ ರೂಢಿಯಿಲ್ಲ, ಬಾಯಿಗೆ ಬಂದ ತಾರೀಕು ಒಂದೇ, ನೀನು ಹುಟ್ಟಿದ್ದು. ಅದನ್ನೇ ಹೇಳಿಬಿಟ್ಟೆ. ಯಾರಾದರೂ ಕೇಳಿದರೆ ನೀನೂ ಅದನ್ನೇ ಹೇಳು. ಪಾಪ, ಹಾಗಾದ್ರೆ ಹುಟ್ಟಿದಾಗಿನಿಂದ ಆ ಮಗೂನ ಸಾಕಿದ್ದು ನೀವೇನಾ ಅಂದಳು. ಹೂಂ ಅಂದೆ. ಅಲ್ಲಿ ನಾನಾಡಿದ ನಿಜ ಅದೊಂದೇ.