ಒಂಬತ್ತನೇ ಚಾನೆಲ್ಲಿನಲ್ಲಿ ಯಾರೂ ಇಲ್ಲ

ತುರ್ತು ಸೇವೆಗಳ ಸಮನ್ವಯ ಸಮಿತಿಯ ಮಾನ್ಯ ಅಧ್ಯಕ್ಷರೇ,

ಬರುವ ಒಂದನೇ ತಾರೀಖು ಆಂಬುಲೆನ್ಸ್ ಮತ್ತು ಅಗ್ನಿಶಾಮಕ ನಿಯಂತ್ರಣ ಕೊಠಡಿಗಳ ನಡುವಿನ ನೇರ ಫೋನನ್ನು ಕೀಳಿಸಲು ಆದೇಶಿಸಿದ್ದೀರಿ. ಜಂಟಿ ರೇಡಿಯೋ ಚಾನೆಲ್ "ತೃಪ್ತಿಕರವಾಗಿ ಕಾರ್ಯನಿರ್ವಹಿಸುತ್ತಿರುವುದರಿಂದ" ಫೋನು ಅನಗತ್ಯವಂತೆ. ತೃಪ್ತಿ ಯಾರಿಗಾಯಿತು ಸ್ವಾಮಿ? ಹದಿನಾಲ್ಕು ತಿಂಗಳಿಂದ ಆ ಚಾನೆಲ್ಲಿನಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸಿಯೇ ಇಲ್ಲ.

ನಾನು ಆಂಬುಲೆನ್ಸ್ ಕೊಠಡಿಯ ಆಪರೇಟರ್. ಅವಘಡವಾದರೆ ಎಲ್ಲರೂ ಒಂಬತ್ತನೇ ಚಾನೆಲ್ಲಿಗೆ ಬರಬೇಕೆಂದು ಸಮಿತಿಯ ಸುತ್ತೋಲೆ. ನಮ್ಮ ಸೆಟ್ಟಿನಲ್ಲಿ ಒಂಬತ್ತು ಒತ್ತಿದರೆ ಜಂಟಿ ಚಾನೆಲ್ಲೇ ಬರುತ್ತದೆ. ಅಗ್ನಿಶಾಮಕದವರ ಸೆಟ್ಟಿನಲ್ಲಿ, ನಮಗೆ ತೀರಾ ತಡವಾಗಿ ತಿಳಿದಂತೆ, ಒಂಬತ್ತೆಂದರೆ ಎಂದೋ ಮುಚ್ಚಿದ ವರ್ಕ್‌ಶಾಪಿನ ಹಳೇ ಚಾನೆಲ್. ಜಂಟಿ ಚಾನೆಲ್ ಅವರಲ್ಲಿ ಹನ್ನೆರಡರಲ್ಲಿ ಕೂತಿದೆ. ಇನ್ನು ಪರೀಕ್ಷೆಯ ಚಂದ ಕೇಳಿ. ಪ್ರತಿ ಸೋಮವಾರ ಹನ್ನೊಂದಕ್ಕೆ ನಾವು, ಹನ್ನೊಂದೂವರೆಗೆ ಅವರು, ಒಂಬತ್ತು ಒತ್ತಿ "ಪರೀಕ್ಷೆ, ಪರೀಕ್ಷೆ" ಎನ್ನಬೇಕು. ಯಾರೂ ನಡುವೆ ಬಾಯಿ ಹಾಕದಿದ್ದರೆ ರಿಜಿಸ್ಟರಿನಲ್ಲಿ "ಚಾನೆಲ್ ಸ್ಪಷ್ಟ" ಎಂದು ಬರೆಯಬೇಕು. ಬಾಯಿ ಹಾಕಲು ಅಲ್ಲಿ ಯಾರಿದ್ದಾರೆ? ನಾನೂ ಕೈಯಾರೆ ಐವತ್ತಕ್ಕೂ ಹೆಚ್ಚು ಸಲ ಬರೆದೆ. ಆ ಪಾಪದಲ್ಲಿ ನನಗೂ ಪಾಲಿದೆ.

ಕಳೆದ ತಿಂಗಳು ಮಟಮಟ ಮಧ್ಯಾಹ್ನ ಪೇಂಟ್ ಗೋದಾಮಿಗೆ ಬೆಂಕಿ ಬಿತ್ತು. ನಮ್ಮ ಗಾಡಿ ಮುಂದಿನ ಗೇಟಿನಲ್ಲಿ ಕಾಯುತ್ತಿತ್ತು. ನಾನು ಒಂಬತ್ತಕ್ಕೆ ಕಿವಿಗೊಟ್ಟು ಕೂತಿದ್ದೆ. ಪಿಟ್ಟೆಂಬ ಸದ್ದಿಲ್ಲ. ಸದ್ಯ, ಯಾರಿಗೂ ಏನೂ ಆಗಿಲ್ಲವೆಂದು ಟೀ ಕುಡಿದೆ. ಹನ್ನೊಂದು ನಿಮಿಷದ ಮೇಲೆ ಆ ನೇರ ಫೋನು ಬಡಿದುಕೊಂಡಿತು. ಆ ಕಡೆ ಅಗ್ನಿಶಾಮಕದ ಆಪರೇಟರ್, ನಾವೆಲ್ಲ ಮೀಸೆಯಣ್ಣ ಎನ್ನುವ ಹಿರಿಯರು.

"ಏನಮ್ಮಾ, ನಿದ್ದೆ ಮಾಡ್ತಿದೀಯಾ? ಹಿಂದಿನ ಗೇಟಿಗೆ ಗಾಡಿ ಕಳ್ಸು ಅಂತ ಆಗಿಂದ ಒಂಬತ್ತರಲ್ಲಿ ಬಾಯಿ ಬಡ್ಕೋತಿದೀನಿ!"

"ನಾನೂ ಒಂಬತ್ತರಲ್ಲೇ ಇದೀನಣ್ಣಾ. ಏನೂ ಕೇಳಿಸ್ಲೇ ಇಲ್ಲ."

"ಮೊದ್ಲು ಗಾಡಿ ಕಳ್ಸು ತಾಯಿ. ನಮ್ಮೋರು ಇಬ್ರು ಹೊಗೆ ಕುಡಿದು ಬಿದ್ದಿದಾರೆ. ಒಬ್ಬ ನಿನ್ನ ತಮ್ಮ."

ತಮ್ಮ ಬದುಕಿದ. ಅವನ ಜೊತೆಗಾರ, ಎಲ್ಲರೂ ಏಣಿ ಎಂದು ರೇಗಿಸುತ್ತಿದ್ದ ಎತ್ತರದ ಆಳು, ಆಸ್ಪತ್ರೆಯ ದಾರಿಯಲ್ಲೇ ಹೋಗಿಬಿಟ್ಟ. ಹತ್ತು ನಿಮಿಷ ಮುಂಚೆ ತಂದಿದ್ದರೆ ಉಳಿಯುತ್ತಿದ್ದ ಎಂದರು ವೈದ್ಯರು. "ರೇಡಿಯೋ ಇತ್ತಲ್ಲಕ್ಕಾ?" ಎಂದು ಏಣಿಯ ಹೆಂಡತಿ ನನ್ನನ್ನೇ ಕೇಳಿದಳು. ನಿಮ್ಮ ವರದಿಯಲ್ಲಿ ಮಾತ್ರ ಉತ್ತರ ತಣ್ಣಗೆ ಕೂತಿದೆ: "ಸಂವಹನದಲ್ಲಿ ಲೋಪವಿಲ್ಲ, ಎರಡೂ ರಿಜಿಸ್ಟರುಗಳಲ್ಲಿ ಚಾನೆಲ್ ಸ್ಪಷ್ಟವೆಂದೇ ನಮೂದಾಗಿದೆ."

ಎರಡೂ ಸೆಟ್ಟುಗಳ ಸಂಖ್ಯೆ ಒಂದು ಮಾಡಿ ಎಂದು ಆಮೇಲೆ ನಿಮಗೆ ಮೂರು ಸಲ ಬರೆದೆ. ಉಪಸಮಿತಿಯ ಪರಿಶೀಲನೆಯಲ್ಲಿದೆಯಂತೆ. ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸ. ಯಾರ ಸೆಟ್ಟಿನ ಸಂಖ್ಯೆ ಬದಲಾಗಬೇಕೆಂಬ ಪ್ರತಿಷ್ಠೆಗೆ ಎಷ್ಟು ಮಧ್ಯಾಹ್ನ ಬೇಕು? ಮೀಸೆಯಣ್ಣ ಹನ್ನೆರಡು ಒತ್ತಲು ಹೋದದ್ದಕ್ಕೆ, ಸುತ್ತೋಲೆ ಮೀರಿದರೆ ಅಮಾನತು ಎಂದು ಮೇಲಿನವರು ಅವರಿಗೆ ಲಿಖಿತ ಎಚ್ಚರಿಕೆ ಕೊಟ್ಟಿದ್ದಾರೆ. ಈ ಪತ್ರಕ್ಕೆ ನನಗೂ ನೋಟಿಸ್ ಬಂದೀತು. ನಮ್ಮಲ್ಲಿ ನೋಟಿಸ್ ಒಂದೇ ತಪ್ಪದೆ ತಲುಪುವುದು.

ಆದ್ದರಿಂದ ಕೇಳುತ್ತೇನೆ: ಎರಡೂ ಕೊಠಡಿಗಳ ಸಂಖ್ಯೆ ಒಂದಾಗುವವರೆಗೆ, ಒಂದು ಕಡೆ ಕರೆದರೆ ಇನ್ನೊಂದು ಕಡೆಯಿಂದ ಉತ್ತರ ಬರುವವರೆಗೆ, ಆ ಫೋನಿನ ತಂಟೆಗೆ ಬರಬೇಡಿ. ಒಂದನೇ ತಾರೀಖು ನನ್ನ ತಮ್ಮ ಮತ್ತೆ ಕೆಲಸಕ್ಕೆ ಹಾಜರಾಗುತ್ತಿದ್ದಾನೆ. ಇನ್ನೂ ಕೆಮ್ಮು ಬಿಟ್ಟಿಲ್ಲ. ಹೋಗಬೇಡವೋ ಎಂದರೆ ನಗುತ್ತಾನೆ. "ನೀನಿದೀಯಲ್ಲಕ್ಕಾ, ಕೂಗಿದ್ರೆ ಕೇಳಿಸ್ಕೋತೀಯ" ಎನ್ನುತ್ತಾನೆ.

ಇಂತಿ,
ಒಂದನೇ ತಾರೀಖು ಪಾಳಿಯಲ್ಲಿರುವ ಅವನ ಅಕ್ಕ