ಬೋದಿಗೆಯ ಮೇಲಿನ ಪುಸ್ತಕಗಳು

ಶ್ರೀ ಗುರುಬಸವ

ಇಳಕಲ್ಲ
೨೨ ಫೆಬ್ರವರಿ ೧೯೮೧, ರವಿವಾರ

ಚಿ. ಸೌ. ನೀಲಗಂಗಾಳಿಗೆ,

ನಿನ್ನ ಅವ್ವನ ಆಶೀರ್ವಾದಗಳು. ನಾವಿಲ್ಲಿ ಆರಾಮ ಇದ್ದೇವೆ ಎಂದು ಬರೆಯುವುದು ರೂಢಿ. ನಿಮ್ಮ ಅಪ್ಪಾಜಿಯವರ ಮೊಣಕಾಲು ನೋವನ್ನು ಬಿಟ್ಟರೆ ಅದು ಸುಳ್ಳೂ ಅಲ್ಲ. ನಿನ್ನ ಪತ್ರ ಸಂಕ್ರಾಂತಿಗೆ ಮೊದಲೇ ಕೈಸೇರಿತ್ತು. ಬಿಡುವಾಗಲಿಲ್ಲ ಎಂದು ಎರಡು ಸಲ ಬರೆದು ಎರಡು ಸಲವೂ ಹರಿದು ಹಾಕಿದೆ. ಬಿಡುವು ಬೇಕಾದಷ್ಟಿತ್ತು, ನೀಲಾ. ತಡ ಮಾಡಿದ್ದಕ್ಕೆ ಕ್ಷಮಿಸು ಎಂದು ಮಗಳನ್ನು ಕೇಳುವುದು ಹೇಗೋ ತಿಳಿಯದೆ ಸುಮ್ಮನಿದ್ದೆ. ಸುಮ್ಮನಿದ್ದಷ್ಟೂ ಕೇಳುವುದು ಇನ್ನೂ ಕಷ್ಟವಾಯಿತು.

ನೀನು ಕೇಳಿದ್ದು ಒಂದೇ ಮಾತು. ನಿಮ್ಮ ಅತ್ತೆ ನಿನ್ನ ಬಿ.ಎ. ಪುಸ್ತಕಗಳನ್ನೆಲ್ಲ ನೀರೊಲೆಗೆ ಹಾಕಿಬಿಟ್ಟಿದ್ದಾರೆ, ಏಪ್ರಿಲ್ ಪರೀಕ್ಷೆಗೆ ಇಲ್ಲಿಗೆ ಬಂದು ಓದಲೇ ಎಂದು. "ಅವ್ವಾ, ನೀ ಹೂಂ ಅಂದ್ರ ಬರ್ತೇನಿ" ಎಂದು ಬರೆದಿದ್ದೆ. ನಡುಮನೆಯ ಕಂಬದ ಮೇಲೆ ಬೋದಿಗೆಗೂ ತೊಲೆಗೂ ನಡುವಿನ ಸಂದಿಯಲ್ಲಿ ನೀನು ಪುಸ್ತಕ ಬಚ್ಚಿಡುತ್ತಿದ್ದುದು ಆ ಮನೆಯಲ್ಲಿ ನಿನ್ನ ನೆಗೆಣ್ಣಿ ಇಂದ್ರವ್ವ ಒಬ್ಬಳಿಗೇ ಗೊತ್ತಿತ್ತು, ಅವಳೇ ಹೇಳಿರಬೇಕು, ಅವಳ ಕೂಡ ಮಾತು ಬಿಟ್ಟಿದ್ದೇನೆ ಎಂದೂ ಬರೆದಿದ್ದೆ. ಅದನ್ನು ಓದಿ ಪತ್ರವನ್ನು ಮಡಚಿ ಟ್ರಂಕಿನ ತಳಕ್ಕೆ ಇಟ್ಟೆ. ನಿಮ್ಮ ಅಪ್ಪಾಜಿಯವರಿಗೂ ತೋರಿಸಲಿಲ್ಲ.

ಈಗ ಬರೆಯಲು ಹೇಗೆ ಕೂತೆ ಎಂದು ಹೇಳುತ್ತೇನೆ.

ಹೋದ ತಿಂಗಳು ಹೈಸ್ಕೂಲಿನ ಹೆಡ್‌ಮಾಸ್ತರು ಇಬ್ರಾಹಿಂಸಾಬರು ಒಂದು ದಪ್ಪ ಇಂಗ್ಲಿಷ್ ಪುಸ್ತಕ ಹಿಡಿದುಕೊಂಡು ಮನೆಗೆ ಬಂದರು. "ವೈನಿಯವರ, ನಿಮ್ಮ ಬೆಳಗಾವಿ ಕಾನ್ವೆಂಟಿನ ಇಂಗ್ಲಿಷ್‌ಗೆ ಅಡಗಿ ಮನ್ಯಾಗ ಜಂಗು ಹಿಡಿಯಾಕತ್ತೇತಿ. ಸಾಲಿ ಗ್ಯಾದರಿಂಗಿಗೆ ಪ್ರಶ್ನಿ ಪಂದ್ಯ ಇಟ್ಟೇವಿ. ಇದರಾಗಿನ ಪ್ರಶ್ನಿ ಕನ್ನಡಕ್ಕ ತಂದು ನೀವ ಕೇಳಬೇಕು" ಎಂದರು.

"ಕರಕೊಂಡು ಹೋಗೋ ಮಾರಾಯಾ, ಅಲ್ಲಿ ಕೇಳಿದ್ರ ಮನ್ಯಾಗ ನನಗ ಕೇಳೂದು ಕಡಿಮಿ ಆದೀತು" ಎಂದು ಅಪ್ಪಾಜಿ ನಕ್ಕರು.

ನನಗೆ ಹಿಗ್ಗಾಯಿತು. ಇಷ್ಟು ವರ್ಷದ ಮೇಲೆ ನನ್ನ ಇಂಗ್ಲಿಷ್ ಯಾರಿಗೋ ಬೇಕಾಗಿತ್ತು. ವಿಚಿತ್ರ ಪುಸ್ತಕ ಅದು. ತಿಮಿಂಗಿಲದ ತೂಕ, ರಾಜರ ರೋಗಗಳು, ಏನೇನೋ. ಪುಟ ತಿರುಗಿಸುತ್ತ ಹೋದಾಗ ಒಂದು ಭಾಗ 'ಸುಟ್ಟ ಪುಸ್ತಕಗಳು' ಎಂದಿತ್ತು. ಅದರಾಚೆ ಸ್ವಲ್ಪ ದೂರದಲ್ಲೇ 'ಕಟ್ಟಿಗೆಯ ಮನೆ ಕಟ್ಟುವ ಬಗೆ'. ಎರಡನ್ನೂ ಹಾರಿಸಿಬಿಡೋಣ ಎಂದುಕೊಂಡೆ. ಹಾರಿಸಿದರೆ ಯಾರಿಗಾದರೂ ಅನುಮಾನ ಬಂದೀತು ಎಂದು ಹೆದರಿ ಎರಡನ್ನೂ ತೆಗೆದುಕೊಂಡೆ. ಯಾರಿಗೆ ಅನುಮಾನ ಬರುತ್ತಿತ್ತು? ಈ ಊರಿನಲ್ಲಿ ನಿನ್ನ ಸುದ್ದಿ ನನ್ನ ಹೊರತು ಯಾರಿಗೂ ಗೊತ್ತಿರಲಿಲ್ಲ. ತಪ್ಪು ಮಾಡಿದವರ ಬುದ್ಧಿ ಹೀಗೇ ಓಡುತ್ತದೆಯೋ ಏನೋ.

ಮನೆ ಕಟ್ಟುವ ಪ್ರಶ್ನೆಗಳನ್ನು ಕನ್ನಡಕ್ಕೆ ತರುವಾಗ ಕೆರೂರಿನ ನಿಮ್ಮ ಮನೆಯೇ ಕಣ್ಣ ಮುಂದೆ ಬರುತ್ತಿತ್ತು. ಮನೆತನ ನೋಡಲು ಹೋದ ದಿನ ನಿಮ್ಮ ಅತ್ತೆ ಗುರುಲಿಂಗವ್ವನವರು ಕಂಬಕ್ಕೆ ಕೈಬಡಿದು, "ಸಾಗವಾನಿ ಐತ್ರಿ, ನಮ್ಮ ಮುತ್ಯಾನ ಕಾಲದ್ದು. ನಾಕ್ ಮಂದಿ ತಬ್ಬಿದ್ರೂ ಅಳ್ಳಾಡೂದಿಲ್ಲ" ಎಂದಿದ್ದರು. ಹುಡುಗಿಯನ್ನು ಮುಂದೆ ಓದಿಸುತ್ತೀರಾ ಎಂದು ಕೇಳಬೇಕೆಂದು ಹೋದವಳು ನಾನು. ಆ ಕಂಬಗಳನ್ನೂ ಬೋದಿಗೆಯ ಕೆತ್ತನೆಯನ್ನೂ ನೋಡುತ್ತ ನಿಂತು, ಕೇಳದೇ ತಿರುಗಿ ಬಂದೆ.

ಪಂದ್ಯ ಮೊನ್ನೆ ಶುಕ್ರವಾರ ನಡೆಯಿತು. ಕೊನೆಗೆ ಉಳಿದದ್ದು ನಮ್ಮೂರ ಹುಡುಗರು ಮತ್ತು ಹುನಗುಂದದಿಂದ ಬಂದಿದ್ದ ಹುಡುಗಿಯರು. ಕಟ್ಟಿಗೆಯ ಚೌಕಟ್ಟಿನ ಮನೆಯಲ್ಲಿ ಮಾಳಿಗೆಯ ಭಾರ ಹೊರುವುದು ಯಾವುದು ಎಂದು ಕೇಳಿದೆ. ನಮ್ಮ ಹುಡುಗ "ಗೋಡಿ!" ಎಂದು ಕೂಗಿದ. ಹುನಗುಂದದ ಕಡೆಯಿಂದ ಮಾಯವ್ವ ಎಂಬ ತೆಳ್ಳನೆಯ ಹುಡುಗಿ ಎದ್ದು ನಿಂತಳು. "ಕಂಬರೀ. ಗೋಡಿ ಬಿದ್ರೂ ಮಾಳಗಿ ನಿಂದರತೇತಿ. ಹ್ವಾದ ವರ್ಷ ನಮ್ಮನಿ ಗೋಡಿ ಬಿತ್ತರಿ. ಮುಂಜಾನೆ ಎದ್ದು ನೋಡಿದ್ರ ಮಾಳಗಿ ಹಂಗ ಇತ್ತು, ಬಾಜೂ ಮನಿ ಎಮ್ಮಿ ನಮ್ಮಪ್ಪನ ಹಾಸಿಗಿ ಮ್ಯಾಲ ಮಲಗಿತ್ತು!" ಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮುಂದಿನದು ಪುಸ್ತಕ ಸುಟ್ಟ ಪ್ರಶ್ನೆ. ದಾಳಿಕೋರರು ಸುಟ್ಟರೆನ್ನುವ ಹಳೆಯ ವಿದ್ಯಾಪೀಠದ ಗ್ರಂಥಭಂಡಾರ ಯಾವುದು? "ನಾಲಂದಾರಿ" ಎಂದು ಅವಳೇ ಹೇಳಿದಳು. ಸರಿ ಎಂದು ಹೇಳಿ ನಿಲ್ಲಿಸಬಹುದಿತ್ತು. ಆದರೆ ನನಗೆ ನನ್ನ ತಿಳಿವಳಿಕೆ ತೋರಿಸುವ ಚಟ. ಆ ಬೆಂಕಿ ತಿಂಗಳುಗಟ್ಟಲೆ ಉರಿಯಿತೆಂದು ಹೇಳುತ್ತಾರೆ ಎಂದು ಮೈಕಿನಲ್ಲಿ ವಿವರಿಸಿದೆ.

ಮಾಯವ್ವ ಕೂಡ್ರಲಿಲ್ಲ. "ತಿಂಗಳಗಟ್ಲೆ? ಅಲ್ಲೀತನಾ ಯಾರೂ ನೀರ ಹಾಕಲಿಲ್ಲೇನ್ರಿ ಅಕ್ಕಾರ? ಊರಾಗ ಮಂದಿ ಇದ್ದಿಲ್ಲೇನು?"

"ಏ ಹುಡುಗಿ, ಪ್ರಶ್ನಿ ಕೇಳೂದು ಅಕ್ಕಾರ ಕೆಲಸ, ನಿಂದಲ್ಲ!" ಎಂದರು ಇಬ್ರಾಹಿಂಸಾಬರು. ಮತ್ತೆ ನಗು. ನಾನೂ ನಕ್ಕೆ. ವೇಳೆ ಆಯಿತೆಂದು ಗಂಟೆ ಬಾರಿಸಿಬಿಟ್ಟೆ, ಗಡಿಯಾರದ ಕಡೆ ನೋಡಿರಲೇ ಇಲ್ಲ. ಆ ಹುಡುಗಿ ಕೂತಳು. ಆದರೆ ಅವಳು ತಮಾಷೆಗೆ ಕೇಳಿರಲಿಲ್ಲ. ಉತ್ತರ ನನಗೆ ಗೊತ್ತಿದೆ ಎಂದು ನಂಬಿ ನನ್ನ ಮುಖವನ್ನೇ ನೋಡುತ್ತಿದ್ದಳು. ನನಗೆ ತಲೆ ಎತ್ತಲಾಗಲಿಲ್ಲ. ಮುಂದಿನ ಪ್ರಶ್ನೆಗಳನ್ನು ಹಾಳೆಯ ಕಡೆ ನೋಡುತ್ತಲೇ ಓದಿ ಮುಗಿಸಿದೆ. ಗೆದ್ದವರು ಹುನಗುಂದದವರು. ಬಹುಮಾನವನ್ನು ಕೊಟ್ಟದ್ದೂ ನಾನೇ.

ಮನೆಗೆ ಬಂದವಳೇ ನಿನ್ನ ಪತ್ರ ತೆಗೆದು ಅಪ್ಪಾಜಿಯವರ ಕೈಗೆ ಕೊಟ್ಟೆ. ಓದಿ ಮುಗಿಸಿ ಕನ್ನಡಕ ಒರೆಸಿದರು. "ಅವರ ಮನಿ ವಿಚಾರ. ಬೀಗರ ಕೂಡ ಮಾರಿ ಕೆಡಿಸ್ಕೊಳ್ಳೂದು ಚಲೋ ಅಲ್ಲ" ಎಂದರು.

"ಮಾರಿ ಕೆಟ್ಟ ಹೋಗೇತ್ರಿ, ನಂದು" ಎಂದೆ.

ಊಟಕ್ಕೆ ಕೂತಾಗ ಅವರಾಗಿಯೇ ಕೇಳಿದರು: "ಆಕಿ ಪರೀಕ್ಷಿ ಏಪ್ರಿಲ್ ಯಾವ ತಾರೀಖಿಗಿ ಐತಿ?"

ಆದ್ದರಿಂದ, ನೀಲಾ, ಹೂಂ. ಬಾ. ಬರುವ ರವಿವಾರ ನಾನೇ ಕೆರೂರಿಗೆ ಬಂದು ನಿನ್ನನ್ನು ಕರೆದುಕೊಂಡು ಬರುತ್ತೇನೆ. ಅಳಿಯಂದಿರಿಗೆ ಅಪ್ಪಾಜಿ ಬೇರೆ ಪತ್ರ ಬರೆದಿದ್ದಾರೆ. ಇತಿಹಾಸದ ಪುಸ್ತಕಗಳನ್ನು ಇಬ್ರಾಹಿಂಸಾಬರು ಕೊಡುತ್ತಾರಂತೆ, ಉಳಿದವನ್ನು ಬಾಗಲಕೋಟೆಯಿಂದ ತರಿಸುತ್ತೇವೆ. ಅಂಚೆಯ ಪತ್ರ ಮೊದಲು ನಿಮ್ಮ ಅತ್ತೆಯ ಕೈಗೆ ಹೋಗುತ್ತದೆ ಎಂದು ಇದನ್ನು ಬಳೆಗಾರ್ತಿ ಲಾಡಬಿಯ ಕೈಯಲ್ಲಿ ಕಳಿಸುತ್ತಿದ್ದೇನೆ. ಅವಳು ಕೆರೂರಿನ ಸಂತೆಗೆ ಬರುವವಳಿದ್ದಾಳೆ.

ಮೈ ಕಡೆ ಲಕ್ಷ್ಯ ಇರಲಿ. ನಿನ್ನ ಸಂಸಾರವೂ ನಿನ್ನ ಓದೂ ಒಂದಕ್ಕೊಂದು ಅಡ್ಡ ಬರದಂತೆ ಬಸವಣ್ಣ ನಡೆಸಲಿ.

ನಿನ್ನ ಅವ್ವ
ಶಿವಬಸವ್ವ

ತಾ.ಕ.: ಪತ್ರವನ್ನು ಅಂಟಿಸಿದ್ದೆ. ಮತ್ತೆ ಒಡೆದೆ.

ದೀಪಾವಳಿಯ ಮುಂದೆ ನಿಮ್ಮ ಅತ್ತೆ ಸೀರೆ ಕೊಳ್ಳಲು ಇಳಕಲ್ಲಿಗೆ ಬಂದವರು ನಮ್ಮಲ್ಲಿ ಊಟಕ್ಕೆ ಬಂದಿದ್ದರು. "ನಮ್ಮ ತಂಗಿ ಸೊಸಿ ಬಿ.ಎ. ಪಾಸಾಗ್ಯಾಳ್ರಿ ಬೀಗತಿ. ನಿಮ್ಮ ಹುಡುಗಿಗೆ ರೊಟ್ಟಿ ಬಡಿಯೂದು ನಾವು ಕಲಿಸಿದಿವಿ. ಓದೂದು ಮಾತ್ರ ಆಕಿ ಹಣ್ಯಾಗ ಬರದಿಲ್ಲ ಬಿಡ್ರಿ" ಎಂದರು. ನನಗೆ ತಡೆಯಲಾಗಲಿಲ್ಲ. "ಯಾರ ಹೇಳಿದ್ರಿ? ನಿಮ್ಮ ಮನ್ಯಾಗ ಇದ್ದುಕೊಂಡ ಬಿ.ಎ. ಓದಾಕತ್ತಾಳ. ನಡುಮನಿ ಕಂಬದ ಬೋದಿಗಿ ಮ್ಯಾಲ ಕೈ ಆಡಿಸಿ ನೋಡ್ರಿ, ಪುಸ್ತಕ ಅದಾವ. ಅದರಾಗ ಎರಡು ಇಂಗ್ಲಿಷಿನವು" ಎಂದುಬಿಟ್ಟೆ. "ಹೌದೇನ್ರಿ? ನಮಗ ಗೊತ್ತ ಇಲ್ಲ" ಎಂದು ನಕ್ಕು ಅವರು ಇನ್ನೊಂದು ಹೋಳಿಗೆ ಹಾಕಿಸಿಕೊಂಡರು. ನಾನು ಗೆದ್ದೆನೆಂದು ತಿಳಿದು ಮೇಲೆ ತುಪ್ಪ ಸುರಿದೆ.

ನೀನು ನನಗೆ ನಂಬಿಕೆಯಿಂದ ಬರೆದದ್ದನ್ನು ನಾನು ಊಟದ ಎಲೆಯ ಮುಂದೆ ಆಡಿ ತೋರಿಸಿದೆ. ಆಮೇಲೆ ಆ ತಪ್ಪನ್ನು ನೀನು ಇಂದ್ರವ್ವನ ತಲೆಗೆ ಕಟ್ಟಿದ್ದನ್ನು ಓದಿಯೂ ಇಷ್ಟು ದಿನ ಬಾಯಿ ಬಿಡಲಿಲ್ಲ. ಆ ಮನೆಯಲ್ಲಿ ನಿನಗಿದ್ದವಳು ಅವಳೊಬ್ಬಳೇ. ಇದನ್ನು ಓದಿದ ಮೇಲೆ ನೀನು ನನ್ನ ಜೊತೆ ಬರಲಿಕ್ಕಿಲ್ಲ. ಆದರೂ ರವಿವಾರ ನಾನು ಬರುತ್ತೇನೆ, ಪುಸ್ತಕ ಕೊಟ್ಟು ಹೋಗುತ್ತೇನೆ.

ಆದರೆ ಅಲ್ಲಿಯವರೆಗೆ ಕಾಯಬೇಡ. ಇಂದ್ರವ್ವನಿಗೆ ಓದಲು ಬರುವುದಿಲ್ಲ ಎಂದು ನೀನೇ ಹಿಂದೊಮ್ಮೆ ಬರೆದಿದ್ದೆ. ಈಗಲೇ ಎದ್ದು ಅವಳ ಹತ್ತಿರ ಹೋಗಿ ಕೂತು, ಈ ಪತ್ರವನ್ನು ಮೊದಲಿನಿಂದ ಓದಿ ಹೇಳು. ನನ್ನ ಮಾನ ಉಳಿಸಲೆಂದು ಎಲ್ಲಿಯೂ ಬಿಟ್ಟು ಓದಬೇಡ.